ನಾವು ಎಲ್ಲಿ ನೋಡುತ್ತಿದ್ದೇವೆ ಎಂಬುದು ಕ್ಯಾಮೆರಾಗೆ ಹೇಗೆ ತಿಳಿಯುತ್ತದೆ?

ಮುಂದೆ ಓದುವ ಮೊದಲು ಒಂದು ಚಿಕ್ಕ ಪ್ರಯೋಗ ಮಾಡಿ. ಕನ್ನಡಿಗೆ ಹತ್ತಿರ ನಿಂತು ಮೊದಲು ನಿಮ್ಮ ಎಡಗಣ್ಣನ್ನು ನೋಡಿಕೊಳ್ಳಿ, ಆಮೇಲೆ ಬಲಗಣ್ಣನ್ನು. ನಾಲ್ಕೈದು ಸಲ ಹೀಗೆ ಬದಲಾಯಿಸಿ. ನಿಮ್ಮ ಕಣ್ಣು ಹೊರಳುವುದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ. ಈಗ ಮೊಬೈಲ್‌ನ ಸೆಲ್ಫಿ ಕ್ಯಾಮೆರಾ ತೆರೆದು ಅದನ್ನೇ ಮಾಡಿ. ಈ ಸಲ ಹೊರಳುವುದು ಕಾಣುತ್ತದೆ, ಏಕೆಂದರೆ ಮೊಬೈಲ್ ಚಿತ್ರವನ್ನು ಒಂದು ಚೂರು ತಡವಾಗಿ ತೋರಿಸುತ್ತದೆ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವಷ್ಟು ಹೊತ್ತು ಮಿದುಳು ನೋಟವನ್ನು ಹೆಚ್ಚು ಕಡಿಮೆ ಮುಚ್ಚಿಬಿಡುತ್ತದೆ. ಹಾಗಾಗಿ ಕಣ್ಣು ಯಾವಾಗ ಹೊರಳಿತು ಎಂಬುದು ನಮಗಿಂತ ಕ್ಯಾಮೆರಾಗೇ ಚೆನ್ನಾಗಿ ಗೊತ್ತು. ಆದರೆ ಎಲ್ಲಿಗೆ ಹೊರಳಿತು ಎಂಬುದು ಬೇರೆಯೇ ಪ್ರಶ್ನೆ, ಮತ್ತು ಅದು ತುಂಬ ಕಷ್ಟದ ಪ್ರಶ್ನೆ. ದೂರದಲ್ಲಿಟ್ಟ ಕ್ಯಾಮೆರಾದಿಂದ ನಾವು ನೋಡುವ ಜಾಗವನ್ನು ಲೆಕ್ಕ ಹಾಕುವ ಈ ತಂತ್ರಕ್ಕೆ ಐ ಟ್ರ್ಯಾಕಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ನೋಟದ ಜಾಡು ಹಿಡಿಯುವುದು ಎನ್ನಬಹುದು.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಇದು ವಿಜ್ಞಾನದವರ ವಿಷಯವಲ್ಲವೇ ಎಂದು ನನ್ನ ಗೆಳತಿಯರೇ ಕೇಳಿದರು. ನಾನು ಇದರ ಹಿಂದೆ ಬಿದ್ದದ್ದು ನನ್ನ ಚಿಕ್ಕಪ್ಪನ ಮಗಳಿಂದಾಗಿ. ಅವಳು ಮನೆಯಲ್ಲಿ ಕುಳಿತು ಲ್ಯಾಪ್‌ಟಾಪ್‌ನಲ್ಲಿ ಒಂದು ಅಣಕು ಪರೀಕ್ಷೆ ಬರೆಯುತ್ತಿದ್ದಳು. ಕಚ್ಚಾ ಹಾಳೆಯಲ್ಲಿ ಲೆಕ್ಕ ಮಾಡುತ್ತಿದ್ದಾಗ, ನಿಮ್ಮ ದೃಷ್ಟಿ ಪರದೆಯಿಂದ ಹೊರಗಿದೆ ಎಂಬ ಎಚ್ಚರಿಕೆ ಬಂತು. ಯೋಚಿಸುತ್ತಾ ಕಿಟಕಿಯತ್ತ ನೋಡಿದಾಗ ಇನ್ನೊಂದು. ಮೂರನೆಯದಕ್ಕೆ ಪರೀಕ್ಷೆ ತಾನಾಗಿಯೇ ಮುಚ್ಚಿಕೊಂಡಿತು. ಅಂಕಪಟ್ಟಿಗೆ ಸೇರುವ ಪರೀಕ್ಷೆ ಅದಾಗಿರಲಿಲ್ಲ, ನಿಜ. ಆದರೆ ಅವಳು ಅತ್ತದ್ದು ಅಂಕಕ್ಕಲ್ಲ, ನಕಲು ಮಾಡಿದೆ ಎಂದು ಒಂದು ಯಂತ್ರ ಹೇಳಿತಲ್ಲ ಎಂದು. ಆ ಯಂತ್ರಕ್ಕೆ ಅಷ್ಟು ಗೊತ್ತಾದದ್ದು ಹೇಗೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದೆ.

ನಮ್ಮ ಮನೆಯ ಉರ್ದುವಿನಲ್ಲಿ ನೋಟಕ್ಕೆ ನಿಗಾಹ್ ಎನ್ನುತ್ತೇವೆ. ಅದು ಪಾರಸಿ ಪದ. ಅದೇ ಪದ ಕನ್ನಡಕ್ಕೆ ಬಂದು ನಿಗಾ ಆಯಿತು, ಅರ್ಥ ಕಾವಲು ಆಯಿತು. ಆಸ್ಪತ್ರೆಯ ತೀವ್ರ ನಿಗಾ ಘಟಕದ ಬೋರ್ಡು ಎಲ್ಲರೂ ನೋಡಿದ್ದೀರಿ. ಒಬ್ಬರ ನೋಟ ಇನ್ನೊಬ್ಬರ ಕಾವಲಾಗುವುದು, ಈ ವಿಷಯದಲ್ಲೂ ಹಾಗೆಯೇ ಆಗಿದೆ.

ಮೊದಲು ಕಣ್ಣು ಏಕೆ ಅಷ್ಟು ಓಡಾಡುತ್ತದೆ ನೋಡೋಣ. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರಿನ ಅಗಲ ಕಣ್ಣಿಗೆ ಸುಮಾರು 2 ಡಿಗ್ರಿ ಕೋನದಷ್ಟು. ಹೆಚ್ಚು ಕಡಿಮೆ ಅಷ್ಟೇ ಜಾಗ ನಮಗೆ ಪೂರ್ತಿ ಸ್ಪಷ್ಟವಾಗಿ ಕಾಣುವುದು. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಒಂದು ಚಿಕ್ಕ ಗುಳಿಯಿದೆ, ಬೆಳಕನ್ನು ಹಿಡಿಯುವ ಕೋಶಗಳು ಅಲ್ಲಿ ಒತ್ತೊತ್ತಾಗಿವೆ. ಆ ಗುಳಿಯ ಹೊರಗೆ ಬಿದ್ದದ್ದೆಲ್ಲ ಮಸುಕು. ಇಡೀ ಕೋಣೆ ಸ್ಪಷ್ಟವಾಗಿದೆ ಎಂದು ನಮಗೆ ಅನಿಸುವುದು ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಹಾರಿ ಹಾರಿ ತುಣುಕುಗಳನ್ನು ತರುವುದರಿಂದ. ಒಂದು ಕಡೆ ಸಾಮಾನ್ಯವಾಗಿ 200ರಿಂದ 300 ಮಿಲಿಸೆಕೆಂಡ್ ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಸೆಕೆಂಡಿಗೆ ಮೂರರಂತೆ ಲೆಕ್ಕ ಹಿಡಿದರೆ 16 ಗಂಟೆ ಎಚ್ಚರವಿರುವವರ ಕಣ್ಣು ದಿನಕ್ಕೆ 1,72,800 ಸಲ ಹಾರುತ್ತದೆ. ಹೃದಯ ಬಿಟ್ಟರೆ ಇಷ್ಟು ದುಡಿಯುವ ಸ್ನಾಯು ನಮ್ಮಲ್ಲಿ ಬೇರೆ ಇದೆಯೋ ಇಲ್ಲವೋ!

ಕಣ್ಣು ಹೀಗೆ ತುಣುಕು ತುಣುಕಾಗಿ ನೋಡುತ್ತದೆ ಎಂಬುದರ ಸುಳಿವು ಸಾವಿರ ವರ್ಷದ ಹಿಂದೆಯೇ ಸಿಕ್ಕಿತ್ತು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ಇಬ್ನ್ ಅಲ್ ಹೈಸಮ್ ತಮ್ಮ ಕಿತಾಬ್ ಅಲ್ ಮನಾಜಿರ್ ಗ್ರಂಥದಲ್ಲಿ, ನೇರ ಎದುರಿಗಿರುವುದೇ ಅತ್ಯಂತ ಸ್ಪಷ್ಟವಾಗಿ ಕಾಣುವುದು, ಆದ್ದರಿಂದ ಕಣ್ಣು ವಸ್ತುವಿನ ಭಾಗಗಳ ಮೇಲೆ ಒಂದೊಂದಾಗಿ ಹರಿದಾಡಿ ಖಚಿತ ಮಾಡಿಕೊಳ್ಳುತ್ತದೆ ಎಂದು ವಿವರಿಸಿದ್ದಾರೆ. ಅವರಿಗೆ ಅಳತೆ ಮಾಡುವ ಉಪಕರಣ ಇರಲಿಲ್ಲ. ಓದುವಾಗ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಕುಪ್ಪಳಿಸುತ್ತದೆ ಎಂಬುದು ಫ್ರಾನ್ಸಿನ ಕಣ್ಣಿನ ವೈದ್ಯ ಲೂಯಿ ಎಮಿಲ್ ಜವಾಲ್ ಅವರ ಪ್ರಯೋಗಾಲಯದಿಂದ 1879ರ ಹೊತ್ತಿಗೆ ಗೊತ್ತಾಯಿತು. ಆಮೇಲೆ ಅಮೆರಿಕದ ಎಡ್ಮಂಡ್ ಹ್ಯೂಯಿ ಮಾಡಿದ್ದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಚಿಕ್ಕ ಬಟ್ಟಲಿಗೆ ತೂತು ಮಾಡಿ, ಕಣ್ಣನ್ನು ಮರಗಟ್ಟಿಸಿ, ಆ ಬಟ್ಟಲನ್ನು ಗುಡ್ಡೆಯ ಮೇಲೇ ಕೂರಿಸಿದರು. ಅದಕ್ಕೆ ಕಟ್ಟಿದ ಅಲ್ಯೂಮಿನಿಯಂ ಕಡ್ಡಿ ಕಣ್ಣು ಹೊರಳಿದಂತೆಲ್ಲ ಮಸಿ ಹಿಡಿದ ಉರುಳೆಯ ಮೇಲೆ ಗೀಚುತ್ತಿತ್ತು. 1901ರಲ್ಲಿ ಡಾಡ್ಜ್ ಮತ್ತು ಕ್ಲೈನ್ ಎಂಬಿಬ್ಬರು ಕಣ್ಣಿಗೆ ಏನನ್ನೂ ತಾಗಿಸದೆ, ಕಣ್ಣಿನ ಹೊರಪದರವಾದ ಕಾರ್ನಿಯಾದಲ್ಲಿ ಹೊಳೆಯುವ ಬೆಳಕಿನ ಚುಕ್ಕೆಯನ್ನು ಚಲಿಸುವ ಫೋಟೋ ಫಲಕದ ಮೇಲೆ ಹಿಡಿದರು. ಇಂದಿನ ಯಂತ್ರಗಳೂ ಆ ಚುಕ್ಕೆಯನ್ನೇ ನಂಬಿವೆ. 1950ರ ಹೊತ್ತಿಗೆ ಅಮೆರಿಕದ ವಾಯುಪಡೆಗಾಗಿ ಪಾಲ್ ಫಿಟ್ಸ್ ಮತ್ತು ಸಂಗಡಿಗರು ವಿಮಾನ ಇಳಿಸುವ ಪೈಲಟ್‌ಗಳ ಕಣ್ಣನ್ನು ಸಿನಿಮಾ ಕ್ಯಾಮೆರಾದಲ್ಲಿ ತೆಗೆದು, ಒಂದೊಂದು ಚಿತ್ರವನ್ನೂ ಕೈಯಲ್ಲಿ ಎಣಿಸಿ, ಅವರು ಯಾವ ಮೀಟರನ್ನು ಎಷ್ಟು ಹೊತ್ತು ನೋಡಿದರು ಎಂದು ಪಟ್ಟಿ ಮಾಡಿದರು.

ಈಗ ಯಂತ್ರ ಕೆಲಸ ಮಾಡುವ ಬಗೆಗೆ ಬರೋಣ. ಕತ್ತಲೆ ಕೋಣೆಯಲ್ಲಿ ಗೆಳತಿಯ ಕಣ್ಣಿನ ಹತ್ತಿರ ಒಂದು ಮೇಣದಬತ್ತಿ ಇದೆ ಎಂದುಕೊಳ್ಳಿ. ಅವಳ ಕಣ್ಣಿನಲ್ಲಿ ಜ್ವಾಲೆಯ ಪುಟ್ಟ ಪ್ರತಿಬಿಂಬ ಕಾಣುತ್ತದೆ. ಅವಳು ತಲೆ ಅಲ್ಲಾಡಿಸದೆ ಕಣ್ಣನ್ನು ಮಾತ್ರ ಬಲಕ್ಕೆ ಹೊರಳಿಸಿದರೆ ಕರಿಯ ಪಾಪೆ ಬಲಕ್ಕೆ ಹೋಗುತ್ತದೆ. ಕಾರ್ನಿಯಾ ಗುಂಡಗಿರುವುದರಿಂದ ಪ್ರತಿಬಿಂಬ ಮಾತ್ರ ಹೆಚ್ಚು ಕಡಿಮೆ ಇದ್ದಲ್ಲಿಯೇ ಇರುತ್ತದೆ. ಆ ಹೊಳಪಿನ ಚುಕ್ಕೆಗೂ ಪಾಪೆಯ ನಡುವಿಗೂ ಇರುವ ಅಂತರ ಮತ್ತು ದಿಕ್ಕು, ಇವೆರಡೇ ಇಡೀ ವಿದ್ಯೆಯ ಬಂಡವಾಳ. ತಲೆ ಸ್ವಲ್ಪ ಸರಿದರೆ ಚುಕ್ಕೆ ಮತ್ತು ಪಾಪೆ ಎರಡೂ ಜೊತೆಗೇ ಸರಿಯುತ್ತವೆ, ನಡುವಿನ ಅಂತರ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದಲೇ ಗಲ್ಲವನ್ನು ಚೌಕಟ್ಟಿನಲ್ಲಿ ಬಿಗಿಯದೆ, ದೂರದಿಂದಲೇ ಲೆಕ್ಕ ಹಾಕಲು ಸಾಧ್ಯವಾಯಿತು.

ಮೇಣದಬತ್ತಿಯ ಜಾಗದಲ್ಲಿ ಈಗ ಅತಿಗೆಂಪು ಎಲ್‌ಇಡಿ ದೀಪಗಳಿವೆ. ಅದರ ಬೆಳಕು ನಮಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ನಂಬಿಕೆ ಬರದಿದ್ದರೆ ಟಿವಿ ರಿಮೋಟಿನ ತುದಿಯನ್ನು ಮೊಬೈಲ್‌ನ ಸೆಲ್ಫಿ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿ. ಹೆಚ್ಚಿನ ಮೊಬೈಲ್‌ಗಳಲ್ಲಿ ತಿಳಿ ನೇರಳೆ ಮಿನುಗು ಕಾಣುತ್ತದೆ. ಅತಿಗೆಂಪು ಬೆಳಕನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವಿದೆ, ಅದು ನಮ್ಮಂಥವರಿಗೇ ಸಂಬಂಧಿಸಿದ್ದು. ಕಡುಕಂದು ಕಣ್ಣಿನಲ್ಲಿ ಪಾಪೆಯ ಕರಿಯ ಬಣ್ಣಕ್ಕೂ ಸುತ್ತಲಿನ ಕಂದು ಬಣ್ಣಕ್ಕೂ ಮಾಮೂಲಿ ಬೆಳಕಿನಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ. ಅತಿಗೆಂಪಿನಲ್ಲಿ ಅದೇ ಕಂದು ಬೂದಿಯಂತೆ ತಿಳಿಯಾಗಿ, ಪಾಪೆ ಮಾತ್ರ ಕಪ್ಪಾಗಿ ಎದ್ದು ಕಾಣುತ್ತದೆ. ಆಧಾರ್ ನೋಂದಣಿಯಲ್ಲಿ ಕಣ್ಣಿನ ಚಿತ್ರ ತೆಗೆಯುವ ಯಂತ್ರವೂ ಇದೇ ಕಾರಣಕ್ಕೆ ಅತಿಗೆಂಪು ಬೆಳಕನ್ನು ಬಳಸುತ್ತದೆ. ಇನ್ನು ದೀಪವನ್ನು ಕ್ಯಾಮೆರಾದ ಕಣ್ಣಿಗೆ ತೀರಾ ಅಂಟಿಸಿಟ್ಟರೆ ಪಾಪೆ ಕಪ್ಪಾಗುವ ಬದಲು ಬೆಳ್ಳಗೆ ಹೊಳೆಯುತ್ತದೆ. ಮದುವೆ ಫೋಟೋಗಳಲ್ಲಿ ಫ್ಲ್ಯಾಶ್ ಬಿದ್ದು ಕಣ್ಣು ಕೆಂಪಾಗುವುದು ಇದೇ ಆಟ.

ಇಲ್ಲಿಗೆ ಯಂತ್ರಕ್ಕೆ ಸಿಕ್ಕಿದ್ದು ಚುಕ್ಕೆಗೂ ಪಾಪೆಗೂ ನಡುವಿನ ಅಂತರ ಮಾತ್ರ. ಅದನ್ನು ಪರದೆಯ ಜಾಗವಾಗಿ ಬದಲಾಯಿಸುವುದು ಹೇಗೆ? ಒಬ್ಬೊಬ್ಬರ ಕಣ್ಣು ಒಂದೊಂದು ಥರ. ಸ್ಪಷ್ಟವಾಗಿ ನೋಡುವ ಆ ಗುಳಿ ಕಣ್ಣಿನ ಸರಿ ಹಿಂದೆ ಇರುವುದಿಲ್ಲ, ಸ್ವಲ್ಪ ಪಕ್ಕಕ್ಕಿದೆ. ಕಣ್ಣು ತಿರುಗಿದ ದಿಕ್ಕಿಗೂ ನಿಜವಾಗಿ ನೋಡುವ ದಿಕ್ಕಿಗೂ ಸುಮಾರು 5 ಡಿಗ್ರಿ ವ್ಯತ್ಯಾಸವಿರುತ್ತದೆ. ಅದು ಆಳಿನಿಂದ ಆಳಿಗೆ ಬೇರೆ, ಹೊರಗಿನಿಂದ ನೋಡಿ ತಿಳಿಯುವ ಉಪಾಯವಿಲ್ಲ. ಆದ್ದರಿಂದ ಯಂತ್ರ ನಮ್ಮನ್ನೇ ಕೇಳಬೇಕು. ಪರದೆಯಲ್ಲಿ ಒಂಬತ್ತು ಚುಕ್ಕೆಗಳನ್ನು ಒಂದೊಂದಾಗಿ ತೋರಿಸಿ ಇದನ್ನು ನೋಡಿ ಎನ್ನುತ್ತದೆ. ಪ್ರತಿ ಸಲವೂ ಅಂತರವನ್ನು ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಒಂದು ಸಮೀಕರಣ. ಪರದೆಯ ಅಡ್ಡ ಸ್ಥಾನಕ್ಕೆ ಆರು ಗುಣಕಗಳು, ಲಂಬ ಸ್ಥಾನಕ್ಕೆ ಇನ್ನಾರು. ಒಂಬತ್ತು ಅಳತೆಗಳಿಗೆ ಚೆನ್ನಾಗಿ ಹೊಂದುವ ಆರು ಸಂಖ್ಯೆಗಳನ್ನು ಕಂಡುಹಿಡಿಯುವುದು ಕನಿಷ್ಠ ವರ್ಗಗಳ ವಿಧಾನದಿಂದ. ಹೌದು, ಸಂಖ್ಯಾಶಾಸ್ತ್ರದ ಕಾಲಶ್ರೇಣಿ ಪಾಠದಲ್ಲಿ ಸಕ್ಕರೆ ಉತ್ಪಾದನೆಯ ಅಂಕಿಗಳಿಗೆ ನಾವು ಗೆರೆ ಹೊಂದಿಸುತ್ತೇವಲ್ಲ, ಅದೇ! ಇದನ್ನು ಓದಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಪಾಠದಲ್ಲಿ ನಾವು ಕಲಿತದ್ದು ಇನ್ನೊಂದಿದೆ. ಹೊಂದಿಸಿದ ಗೆರೆ ನಿಜವಾದ ಬಿಂದುಗಳ ಹತ್ತಿರ ಹೋಗುತ್ತದೆಯೇ ಹೊರತು ಅವುಗಳ ಮೇಲೆ ಹೋಗುವುದಿಲ್ಲ. ಯಂತ್ರ ತೋರಿಸುವ ನೋಟದ ಬಿಂದು ಕೂಡ ಒಂದು ಅಂದಾಜು ಬೆಲೆಯೇ.

ಆ ಅಂದಾಜು ಎಷ್ಟು ತಪ್ಪಬಹುದು? ಈ ಪ್ರಶ್ನೆ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಅತಿಗೆಂಪು ದೀಪವಿರುವ ಒಳ್ಳೆಯ ಯಂತ್ರ, ಒಳ್ಳೆಯ ಬೆಳಕು, ಸರಿಯಾಗಿ ಕುಳಿತ ಮನುಷ್ಯ, ಎಲ್ಲ ಕೂಡಿಬಂದರೆ ತಪ್ಪು ಅರ್ಧದಿಂದ ಒಂದು ಡಿಗ್ರಿ. ಪರದೆ 60 ಸೆಂ.ಮೀ. ದೂರದಲ್ಲಿದ್ದರೆ ಒಂದು ಡಿಗ್ರಿ ಎಂದರೆ ಪರದೆಯ ಮೇಲೆ ಸುಮಾರು 1 ಸೆಂ.ಮೀ. ಅದು ಅದ್ಭುತವೇ ಸರಿ. ಆದರೆ ನಮ್ಮ ಮನೆಗಳಲ್ಲಿ ಅಂಥ ಯಂತ್ರ ಇಲ್ಲ, ಇರುವುದು ಲ್ಯಾಪ್‌ಟಾಪ್‌ನ ಮಾಮೂಲಿ ಕ್ಯಾಮೆರಾ. ಅದರ ಲೆಕ್ಕವನ್ನು ನಾನೇ ಹಾಕಿ ನೋಡಿದೆ, ನೀವೂ ಪರೀಕ್ಷಿಸಬಹುದು. ಕಣ್ಣುಗುಡ್ಡೆಯ ವ್ಯಾಸ ಸುಮಾರು 24 ಮಿ.ಮೀ. ಅಂದರೆ ತ್ರಿಜ್ಯ 12 ಮಿ.ಮೀ. ಕಣ್ಣು ಒಂದು ಡಿಗ್ರಿ ತಿರುಗಿದರೆ ಪಾಪೆ ಸರಿಯುವುದು ಸುಮಾರು 0.2 ಮಿ.ಮೀ. ಈಗ ಕ್ಯಾಮೆರಾ. ಅದರ ಚಿತ್ರ 1280 ಪಿಕ್ಸೆಲ್ ಅಗಲ, 60 ಡಿಗ್ರಿ ಅಗಲವನ್ನು ನೋಡುತ್ತದೆ ಎಂದುಕೊಳ್ಳೋಣ. 60 ಸೆಂ.ಮೀ. ದೂರದಲ್ಲಿ ಅದಕ್ಕೆ ಸುಮಾರು 69 ಸೆಂ.ಮೀ. ಅಗಲದ ಜಾಗ ಕಾಣುತ್ತದೆ. 690 ಮಿಲಿಮೀಟರಿಗೆ 1280 ಪಿಕ್ಸೆಲ್, ಅಂದರೆ ಮಿಲಿಮೀಟರಿಗೆ ಎರಡಕ್ಕಿಂತ ಕಡಿಮೆ. 0.2 ಮಿ.ಮೀ.ಗೆ ಅರ್ಧ ಪಿಕ್ಸೆಲ್ ಕೂಡ ಸಿಗುವುದಿಲ್ಲ! ಒಂದು ಡಿಗ್ರಿಯ ಚಲನೆ ಆ ಚಿತ್ರದಲ್ಲಿ ಒಂದು ಚೌಕದ ಒಳಗೇ ಮುಗಿದುಹೋಗುತ್ತದೆ. ಕಣ್ಣಿನ ಬಣ್ಣದ ವೃತ್ತ ಪೂರ್ತಿ ಸೇರಿದರೂ 20 ಚಿಲ್ಲರೆ ಪಿಕ್ಸೆಲ್ ಅಗಲ ಅಷ್ಟೆ.

ಹಾಗಾದರೆ ವೆಬ್‌ಕ್ಯಾಮ್ ತಂತ್ರಾಂಶಗಳು ಏನು ಮಾಡುತ್ತವೆ? ಅವು ಚುಕ್ಕೆ ಹುಡುಕುವುದನ್ನು ಬಿಟ್ಟು ಉದಾಹರಣೆಗಳಿಂದ ಕಲಿಯುತ್ತವೆ. 2016ರಲ್ಲಿ ಅಮೆರಿಕ ಮತ್ತು ಜರ್ಮನಿಯ ಸಂಶೋಧಕರು ಸೇರಿ 1,450ಕ್ಕೂ ಹೆಚ್ಚು ಜನರ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳಿಂದ ಸುಮಾರು 25 ಲಕ್ಷ ಚಿತ್ರಗಳನ್ನು ಸಂಗ್ರಹಿಸಿದರು. ಪ್ರತಿ ಚಿತ್ರದಲ್ಲೂ ಆ ವ್ಯಕ್ತಿ ಯಾವ ಚುಕ್ಕೆ ನೋಡುತ್ತಿದ್ದರು ಎಂಬುದು ಗೊತ್ತಿತ್ತು. ಅದರಿಂದ ಕಲಿತ ಕಂಪ್ಯೂಟರ್ ಹೊಸಬರ ಮುಖ ನೋಡಿ ಊಹಿಸಿದಾಗ ಸರಾಸರಿ ತಪ್ಪು ಮೊಬೈಲ್‌ನಲ್ಲಿ 1.71 ಸೆಂ.ಮೀ., ಟ್ಯಾಬ್ಲೆಟ್‌ನಲ್ಲಿ 2.53 ಸೆಂ.ಮೀ. ಮೊಬೈಲ್ ಪರದೆಯೇ ಆರೇಳು ಸೆಂ.ಮೀ. ಅಗಲ ಎಂಬುದನ್ನು ನೆನಪಿಡಿ. ಲ್ಯಾಪ್‌ಟಾಪ್ ವೆಬ್‌ಕ್ಯಾಮ್‌ನಲ್ಲಿ ತಪ್ಪು 4 ಡಿಗ್ರಿ ಇರುವುದು ಸಾಮಾನ್ಯ, ಅಂದರೆ 4 ಸೆಂ.ಮೀ.ಗೂ ಹೆಚ್ಚು. ಬ್ರೌನ್ ವಿಶ್ವವಿದ್ಯಾಲಯದವರು ಮಾಡಿದ ವೆಬ್‌ಗೇಜರ್ ಎಂಬ ಉಚಿತ ತಂತ್ರಾಂಶವನ್ನು ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಉಪನ್ಯಾಸಕರ ಸಹಾಯದಿಂದ ಓಡಿಸಿ ನೋಡಿದೆವು. ನಾನು ಪರದೆಯ ಮೂಲೆಯ ಗಡಿಯಾರ ನೋಡಿದರೆ ಚುಕ್ಕೆ ಅದರ ಸುತ್ತ ನೊಣದ ಹಾಗೆ ಸುತ್ತುತ್ತಿತ್ತು. ಕೆಲವು ಸಲ ಪರದೆಯ ಹೊರಗೂ ಹೋಗುತ್ತಿತ್ತು, ನನ್ನ ಕಣ್ಣು ಹೋಗಿರಲಿಲ್ಲ.

ಸರಾಸರಿ ಎಂಬ ಮಾತಿನಲ್ಲೂ ಒಂದು ಮೋಸವಿದೆ, ಅದು ವಾಣಿಜ್ಯದವರಿಗೆ ಹೇಳಬೇಕಾಗಿಲ್ಲ. ಕನ್ನಡಕ ಹಾಕಿದವರಿಗೆ ಗಾಜಿನ ಮೇಲೆ ಬೇರೆ ಹೊಳಪುಗಳು ಬಿದ್ದು ನಿಜವಾದ ಚುಕ್ಕೆ ಯಾವುದೆಂದು ಯಂತ್ರಕ್ಕೆ ಗೊಂದಲವಾಗುತ್ತದೆ. ಕಿಟಕಿಯ ಬಿಸಿಲಿನಲ್ಲಿ ಅತಿಗೆಂಪು ಬೆಳಕು ತುಂಬಿರುವುದರಿಂದ ಪುಟ್ಟ ಎಲ್‌ಇಡಿಯ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ರೆಪ್ಪೆ ಇಳಿಬಿದ್ದವರಿಗೆ ಪಾಪೆಯ ಮೇಲ್ಭಾಗ ಕಾಣುವುದಿಲ್ಲ. ಮಸ್ಕಾರ ಹಚ್ಚಿದ ರೆಪ್ಪೆಗೂದಲನ್ನು ಯಂತ್ರ ಪಾಪೆಯೆಂದು ತಿಳಿಯುವುದು ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ತೊಂದರೆ, ಎರಡೂ ಕಪ್ಪು ತಾನೇ. ನಮ್ಮ ದಾದಿಯ ಸುರ್ಮಾ ನೋಡಿದರೆ ಅದು ಏನೆಂದುಕೊಳ್ಳುತ್ತದೋ! ಮುಖಕ್ಕೆ ಮಾಸ್ಕ್ ಅಥವಾ ನಿಖಾಬ್ ಇದ್ದರೆ ಕಣ್ಣನ್ನಷ್ಟೇ ಹುಡುಕುವ ಅತಿಗೆಂಪು ಯಂತ್ರಕ್ಕೆ ಹೆಚ್ಚು ಅಡ್ಡಿಯಿಲ್ಲ, ವೆಬ್‌ಕ್ಯಾಮ್ ತಂತ್ರಾಂಶಕ್ಕೆ ಇದೆ. ಅದು ಮೂಗು, ಬಾಯಿಯ ಮೂಲೆ, ಗಲ್ಲ ಇವುಗಳಿಂದ ತಲೆ ಎತ್ತ ತಿರುಗಿದೆ ಎಂದು ಲೆಕ್ಕ ಹಾಕುತ್ತದೆ, ಮುಖ ಸಿಗದಿದ್ದರೆ ಅಲ್ಲಿಗೇ ಕೈಚೆಲ್ಲುತ್ತದೆ. ಒಂದೇ ತಂತ್ರಾಂಶ ಒಬ್ಬಳಿಗೆ ಎರಡು ಸೆಂಟಿಮೀಟರ್ ತಪ್ಪಿದರೆ ಇನ್ನೊಬ್ಬಳಿಗೆ ಹತ್ತು ತಪ್ಪಬಹುದು. ಎಚ್ಚರಿಕೆಯ ಸಂದೇಶ ಮಾತ್ರ ಇಬ್ಬರಿಗೂ ಒಂದೇ.

ಪರೀಕ್ಷೆಯ ವಿಷಯಕ್ಕೆ ಬಂದರೆ ಇನ್ನೂ ಒಂದು ಲೆಕ್ಕ. ಎರಡು ಗಂಟೆಯ ಪರೀಕ್ಷೆಯಲ್ಲಿ ಕಣ್ಣು ಸೆಕೆಂಡಿಗೆ ಮೂರರಂತೆ 21,600 ಸಲ ಹಾರುತ್ತದೆ. ಉದಾಹರಣೆಗಾಗಿ, ಯಂತ್ರ ಸಾವಿರದಲ್ಲಿ ಒಂದನ್ನು ಮಾತ್ರ ತಪ್ಪಾಗಿ ಪರದೆಯ ಹೊರಗೆ ಎಂದು ಹೇಳುತ್ತದೆ ಎಂದುಕೊಳ್ಳಿ. ಆಗಲೂ ಏನೂ ಮಾಡದ ವಿದ್ಯಾರ್ಥಿಯ ಹೆಸರಿನಲ್ಲಿ 21 ತಪ್ಪು ಗುರುತುಗಳು ಬೀಳುತ್ತವೆ. ಮೂರಕ್ಕೆ ಪರೀಕ್ಷೆ ಮುಚ್ಚುವುದಾದರೆ ಯಾರು ಉಳಿದಾರು? ತಯಾರಿಸುವವರು ಇದನ್ನು ತಡೆಯಲು, ಕೆಲವು ಸೆಕೆಂಡು ಸತತವಾಗಿ ಹೊರಗೆ ನೋಡಿದರೆ ಮಾತ್ರ ಎಣಿಸುವಂತೆ ಮಾಡಬಹುದು. ಆದರೆ ಸತತವಾಗಿ ಹೊರಗೆ ನೋಡುವುದು ಯಾವಾಗ? ಯೋಚಿಸುವಾಗ. ಕಷ್ಟದ ಪ್ರಶ್ನೆ ಬಂದಾಗ ಮನುಷ್ಯ ಎದುರಿನಿಂದ ಕಣ್ಣು ಹೊರಳಿಸುತ್ತಾನೆ, ಹಾಗೆ ಹೊರಳಿಸಿದರೆ ನೆನಪು ಮಾಡಿಕೊಳ್ಳುವುದು ಸುಲಭವಾಗುತ್ತದೆ ಎಂದು 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ನಮ್ಮ ಮೌಖಿಕ ಪರೀಕ್ಷೆಗಳಲ್ಲಿ ಎಲ್ಲರೂ ಫ್ಯಾನ್ ನೋಡಿಯೇ ಉತ್ತರ ಹೇಳುವುದು. ಅಂದರೆ ಯಂತ್ರ ಯಾವುದನ್ನು ನಕಲಿನ ಗುರುತು ಎಂದು ಹಿಡಿಯುತ್ತದೋ ಅದೇ ಯೋಚನೆಯ ಗುರುತು ಕೂಡ. ಎರಡನ್ನೂ ಬೇರೆ ಮಾಡಲು ಕಣ್ಣಿನ ಹಾದಿಯೊಂದೇ ಸಾಲದು. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರು ಹತ್ತಿರ ಬಂದು ನೋಡಿ, ಕಚ್ಚಾ ಹಾಳೆಯಲ್ಲವೇ ಎಂದು ಹೊರಟುಹೋಗುತ್ತಾರೆ. ಅವರು ಮಾಡುವ ಆ ಎರಡನೆಯ ಕೆಲಸ ಯಂತ್ರದಲ್ಲಿ ಇರಲಿಲ್ಲ.

ಕಣ್ಣಿನ ಹಾದಿಯಿಂದ ಮನಸ್ಸನ್ನು ಓದಬಹುದೇ ಎಂಬುದು ಹಳೆಯ ವಾದ. ಸೋವಿಯತ್ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಅವರ ಪುಸ್ತಕ 1967ರಲ್ಲಿ ಇಂಗ್ಲಿಷಿಗೆ ಬಂತು. ಇಲ್ಯಾ ರೆಪಿನ್ ಬರೆದ ಒಂದು ವರ್ಣಚಿತ್ರವನ್ನು ಅವರು ಪ್ರಯೋಗಕ್ಕೆ ಬಳಸಿದ್ದರು. ಬಹುಕಾಲದ ನಂತರ ಒಬ್ಬ ಮನುಷ್ಯ ಅನಿರೀಕ್ಷಿತವಾಗಿ ಮನೆಗೆ ಮರಳಿದ ದೃಶ್ಯ ಅದು. ಒಬ್ಬನೇ ವ್ಯಕ್ತಿಗೆ ಏಳು ಸಲ ಅದನ್ನು ತೋರಿಸಿದರು. ಒಮ್ಮೆ ಸುಮ್ಮನೆ ನೋಡು ಎಂದರು, ಒಮ್ಮೆ ಇವರ ವಯಸ್ಸು ಹೇಳು ಎಂದರು, ಒಮ್ಮೆ ಈ ಕುಟುಂಬದ ಸ್ಥಿತಿಗತಿ ಅಂದಾಜು ಮಾಡು, ಒಮ್ಮೆ ಬಟ್ಟೆ ನೆನಪಿಟ್ಟುಕೋ. ವಯಸ್ಸು ಕೇಳಿದಾಗ ಕಣ್ಣು ಮುಖಗಳ ಮೇಲೆ ಓಡಾಡಿತು, ಸ್ಥಿತಿಗತಿ ಕೇಳಿದಾಗ ಬಟ್ಟೆ ಪೀಠೋಪಕರಣಗಳ ಮೇಲೂ ಹೋಯಿತು. ಪ್ರಶ್ನೆ ಬದಲಾದಂತೆ ಹಾದಿ ಬದಲಾಯಿತು. ಹಾಗಾದರೆ ಹಾದಿ ನೋಡಿ ಪ್ರಶ್ನೆ ಯಾವುದೆಂದು ಹೇಳಬಹುದಲ್ಲ? 2012ರಲ್ಲಿ ಅಮೆರಿಕದ ಸಂಶೋಧಕರು ಪ್ರಯತ್ನಿಸಿದರು, ಕಂಪ್ಯೂಟರಿಗೂ ಆಗಲಿಲ್ಲ, ಮನುಷ್ಯರಿಗೂ ಆಗಲಿಲ್ಲ. 2014ರಲ್ಲಿ ಇನ್ನಿಬ್ಬರು ಬೇರೆ ವಿಧಾನದಿಂದ ಅದೇ ದತ್ತಾಂಶವನ್ನು ಪರಿಶೀಲಿಸಿ, ಕಣ್ಣು ಮುಚ್ಚಿ ಊಹಿಸುವುದಕ್ಕಿಂತ ಕೊಂಚ ಚೆನ್ನಾಗಿ ಹೇಳಬಹುದು ಎಂದರು. ವಾದ ನಿಂತಿರುವುದು ಆ ಕೊಂಚದಲ್ಲೇ.

ಇಷ್ಟೆಲ್ಲ ಹೇಳಿ ಈ ತಂತ್ರವನ್ನೇ ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ಮೋಟಾರ್ ನ್ಯೂರಾನ್ ಕಾಯಿಲೆ ಬಂದವರಲ್ಲಿ ಕೈಕಾಲು, ಮಾತು ಒಂದೊಂದಾಗಿ ಹೋದರೂ ಕಣ್ಣಿನ ಚಲನೆ ಸಾಮಾನ್ಯವಾಗಿ ಬಹುಕಾಲ ಉಳಿಯುತ್ತದೆ. ಪರದೆಯಲ್ಲಿ ಅಕ್ಷರಗಳಿರುತ್ತವೆ. ಒಂದು ಅಕ್ಷರದ ಮೇಲೆ ಅರ್ಧ, ಒಂದು ಸೆಕೆಂಡು ನೋಟ ನಿಲ್ಲಿಸಿದರೆ ಅದು ಒತ್ತಿದಂತೆ. ಹಾಗೆ ಪದ, ಹಾಗೆ ವಾಕ್ಯ, ಆಮೇಲೆ ಯಂತ್ರ ಅದನ್ನು ಗಟ್ಟಿಯಾಗಿ ಓದುತ್ತದೆ. ಇಲ್ಲಿ ಒಂದು ತೊಡಕಿದೆ, ಮುಟ್ಟಿದ್ದೆಲ್ಲ ಚಿನ್ನವಾಗಿ ಊಟವೂ ಮಾಡಲಾಗದ ಮಿದಾಸ್ ರಾಜನ ಕಥೆಯ ಹಾಗೆ. ನೋಡಿದ್ದೆಲ್ಲ ಒತ್ತಿಬಿಟ್ಟರೆ ಸುಮ್ಮನೆ ನೋಡುವುದು ಹೇಗೆ? 1990ರ ಸುಮಾರಿಗೆ ರಾಬರ್ಟ್ ಜೇಕಬ್ ಎಂಬ ಸಂಶೋಧಕರು ಇದಕ್ಕೆ ಮಿದಾಸ್ ಸ್ಪರ್ಶ ಎಂದೇ ಹೆಸರಿಟ್ಟರು. ನೋಡುವುದು ಬೇರೆ, ಬಯಸುವುದು ಬೇರೆ ಎಂದು ಯಂತ್ರಕ್ಕೆ ತಿಳಿಸಲು ಆ ಅರ್ಧ ಸೆಕೆಂಡಿನ ನಿಲುಗಡೆ. ಹೀಗೆ ಅಕ್ಷರಗಳನ್ನು ದೊಡ್ಡದು ಮಾಡಿ, ನಿಲುಗಡೆ ಇಟ್ಟು, ತಪ್ಪಾದರೆ ಅಳಿಸಲು ಬಿಟ್ಟು, ಯಂತ್ರದ ದೌರ್ಬಲ್ಯಕ್ಕೆ ಇಲ್ಲಿ ಜಾಗ ಮಾಡಿಕೊಟ್ಟಿದ್ದಾರೆ. ಪರೀಕ್ಷೆಯ ತಂತ್ರಾಂಶದಲ್ಲಿ ನಾನು ಹುಡುಕಿದ್ದು ಆ ಅಳಿಸುವ ಗುಂಡಿಯನ್ನೇ.

ವ್ಯಾಪಾರದವರ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 2006ರಲ್ಲಿ ನೀಲ್ಸನ್ ನಾರ್ಮನ್ ಸಂಸ್ಥೆಯವರು 232 ಜನ ಅಂತರ್ಜಾಲದ ಪುಟಗಳನ್ನು ಓದುವುದನ್ನು ಹೀಗೆ ಹಿಂಬಾಲಿಸಿ, ಕಣ್ಣು ಮೇಲಿನ ಒಂದೆರಡು ಸಾಲು ಪೂರ್ತಿ ಓದಿ ಆಮೇಲೆ ಎಡ ಅಂಚಿನಲ್ಲೇ ಕೆಳಗಿಳಿಯುತ್ತದೆ ಎಂದು ಕಂಡರು. ಬೆಲೆ, ರಿಯಾಯಿತಿ, ಖರೀದಿಸಿ ಎಂಬ ಗುಂಡಿ ಎಲ್ಲಿರಬೇಕು ಎಂಬ ಮಾತು ಬಂದಾಗ ಈಗಲೂ ಇಂಥ ಅಧ್ಯಯನಗಳನ್ನು ಮುಂದಿಡುತ್ತಾರೆ. ಡೆನ್ಮಾರ್ಕಿನ ಒಂದು ಚಿಕ್ಕ ಕಂಪನಿ, ಐ ಟ್ರೈಬ್, ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು 99 ಡಾಲರಿಗೆ ಇಳಿಸಿತ್ತು. ಅದನ್ನು 2016ರ ಕೊನೆಗೆ ಫೇಸ್‌ಬುಕ್ ಕೊಂಡಿತು. ಮರುವರ್ಷ ಜರ್ಮನಿಯ ಎಸ್‌ಎಂಐ ಕಂಪನಿಯನ್ನು ಆಪಲ್ ಕೊಂಡಿತು. 2024ರಲ್ಲಿ ಆಪಲ್ ತನ್ನ ಮೊಬೈಲ್‌ಗಳಲ್ಲಿ ಮುಂದಿನ ಕ್ಯಾಮೆರಾದಿಂದಲೇ ನೋಟ ಹಿಂಬಾಲಿಸುವ ಸೌಲಭ್ಯ ಕೊಟ್ಟಿತು, ಕೈ ಆಡದವರಿಗೆಂದು. ಇಷ್ಟು ಹಣ ಸುರಿದದ್ದು ಕೈ ಆಡದವರಿಗಾಗಿ ಮಾತ್ರವೇ ಎಂಬುದನ್ನು ವ್ಯವಹಾರ ಅಧ್ಯಯನ ಓದುವವರು ತಾವೇ ಯೋಚಿಸಲಿ.

ಕಾನೂನು ಏನು ಹೇಳುತ್ತದೆ? ನನಗೆ ಹದಿನೇಳು, ಈ ಪತ್ರಿಕೆ ಓದುವ ಹೆಚ್ಚಿನವರಿಗೂ ಅಷ್ಟೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅದರ 9ನೇ ಸೆಕ್ಷನ್ನಿನಂತೆ ನಮ್ಮ ದತ್ತಾಂಶ ಬಳಸಲು ತಂದೆತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ಜಾಡು ಹಿಡಿಯುವುದು, ನಡವಳಿಕೆಯ ಮೇಲೆ ನಿಗಾ ಇಡುವುದು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ಇವು ಸಲ್ಲದು. ಆದರೆ ವಿನಾಯಿತಿಗಳಿಗೂ ಅದೇ ಸೆಕ್ಷನ್ ಬಾಗಿಲು ತೆರೆದಿಟ್ಟಿದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಕಲಿಕೆಯ ಕೆಲಸ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ವಿನಾಯಿತಿ ಇದೆ. ಆದ್ದರಿಂದ ಪರೀಕ್ಷೆಗೆ ಮೊದಲು ಒಪ್ಪುತ್ತೇನೆ ಎಂಬ ಚೌಕಕ್ಕೆ ಗುರುತು ಹಾಕುವಾಗ ಅಬ್ಬಾ ಅಮ್ಮಿಯನ್ನು ಕರೆದು ತೋರಿಸಿ, ಮತ್ತು ಕೇಳಿ: ಚಿತ್ರ ನಮ್ಮ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆಯೇ, ಹೊರಗೆ ಹೋಗುತ್ತದೆಯೇ? ಎಷ್ಟು ದಿನ ಇಡುತ್ತಾರೆ? ಯಂತ್ರ ತಪ್ಪು ಎಂದಾಗ ಅದನ್ನು ನೋಡುವ ಮನುಷ್ಯ ಯಾರು, ಅವರಿಗೆ ಎಲ್ಲಿ ಬರೆಯಬೇಕು? ನನ್ನ ಚಿಕ್ಕಪ್ಪ ಈ ಪ್ರಶ್ನೆಗಳನ್ನು ಮಿಂಚಂಚೆಯಲ್ಲಿ ಕಳುಹಿಸಿದ್ದಾರೆ.

ಕೊನೆಯದಾಗಿ ಓದಿನ ಬಗ್ಗೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದದ್ದು ಇದೇ. 1975ರಲ್ಲಿ ಮೆಕಾಂಕಿ ಮತ್ತು ರೇನರ್ ಒಂದು ಉಪಾಯ ಮಾಡಿದರು. ಓದುಗ ನೋಡುತ್ತಿರುವ ಅಕ್ಷರದ ಸುತ್ತಮುತ್ತ ಮಾತ್ರ ನಿಜವಾದ ಬರಹ, ಉಳಿದ ಕಡೆ ಅರ್ಥವಿಲ್ಲದ ಅಕ್ಷರ. ಕಣ್ಣು ಸರಿದಂತೆ ಆ ಕಿಟಕಿಯೂ ಸರಿಯುತ್ತದೆ. ಕಿಟಕಿ ಎಷ್ಟು ಚಿಕ್ಕದಾದರೆ ಓದು ನಿಧಾನವಾಗುತ್ತದೆ ಎಂದು ನೋಡುತ್ತಾ ಹೋದರೆ ಕಣ್ಣು ಒಂದು ನಿಲುಗಡೆಯಲ್ಲಿ ಎಷ್ಟು ಬಾಚಿಕೊಳ್ಳುತ್ತದೆ ಎಂದು ತಿಳಿಯುತ್ತದೆ. ಇಂಗ್ಲಿಷ್ ಓದುವವರಿಗೆ ಅದು ಎಡಕ್ಕೆ ಮೂರು ನಾಲ್ಕು ಅಕ್ಷರ, ಬಲಕ್ಕೆ ಹದಿನಾಲ್ಕು ಹದಿನೈದು. ಬರಹ ಹೋಗುವ ದಿಕ್ಕಿಗೆ ಕಣ್ಣು ಮುಂಚಿತವಾಗಿ ಕೈ ಚಾಚುತ್ತದೆ. ಹಾಗಾದರೆ ಬಲದಿಂದ ಎಡಕ್ಕೆ ಓದುವವರು? 2014ರಲ್ಲಿ ಬ್ರಿಟನ್‌ನಲ್ಲಿ ಉರ್ದು ಮತ್ತು ಇಂಗ್ಲಿಷ್ ಎರಡೂ ಬಲ್ಲವರನ್ನು ಪರೀಕ್ಷಿಸಿದರು. ಅದೇ ವ್ಯಕ್ತಿ, ಅದೇ ಕಣ್ಣು. ಇಂಗ್ಲಿಷ್ ಓದುವಾಗ ಬಲಕ್ಕೆ ಚಾಚುತ್ತಿದ್ದ ನೋಟ ಉರ್ದು ಓದುವಾಗ ಎಡಕ್ಕೆ ಚಾಚಿತು. ಬೆಳಿಗ್ಗೆ ಉರ್ದು ಪತ್ರಿಕೆ, ಹತ್ತು ಗಂಟೆಗೆ ಕನ್ನಡ ಪಾಠ, ಹನ್ನೊಂದಕ್ಕೆ ಇಂಗ್ಲಿಷಿನಲ್ಲಿ ಲೆಕ್ಕಶಾಸ್ತ್ರ, ನಮ್ಮ ಕಣ್ಣು ದಿನವೂ ಈ ಗೇರು ಬದಲಾಯಿಸುತ್ತಿದೆ, ನಮಗೆ ಗೊತ್ತೇ ಇಲ್ಲ.

ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗಿರುತ್ತದಲ್ಲ, ಕಣ್ಣು ಅದಕ್ಕಾಗಿ ಇಳಿಯುತ್ತದೆಯೇ ಎಂದು ನನಗೆ ಕುತೂಹಲ. ವೆಬ್‌ಕ್ಯಾಮ್‌ನಿಂದ ಅದು ತಿಳಿಯದು, ನಾಲ್ಕು ಸೆಂಟಿಮೀಟರಿನ ತಪ್ಪಿನಲ್ಲಿ ಹತ್ತು ಒತ್ತಕ್ಷರ ಮುಳುಗುತ್ತವೆ. ದೊಡ್ಡ ಅಕ್ಷರದಲ್ಲಿ ಇಡೀ ಪರದೆಗೆ ಒಂದೇ ಸಾಲು ಹಾಕಿದರೆ ದಿಕ್ಕಾದರೂ ತಿಳಿಯಬೇಕು. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಶನಿವಾರ ಮಧ್ಯಾಹ್ನ ಕಂಪ್ಯೂಟರ್ ಲ್ಯಾಬಿನಲ್ಲಿ ಇದನ್ನು ಮಾಡಲು ಅನುಮತಿ ಸಿಕ್ಕಿದೆ. ಕನ್ನಡ ಮತ್ತು ಉರ್ದು ಎರಡನ್ನೂ ಸರಾಗವಾಗಿ ಓದುವ ಹತ್ತು ಮಂದಿ ಬೇಕು. ಅದರಲ್ಲಿ ನಾಲ್ಕೈದು ಮಂದಿಯಾದರೂ ಕನ್ನಡಕದವರಿರಲಿ. ಚಿತ್ರಗಳು ಲ್ಯಾಬಿನ ಕಂಪ್ಯೂಟರಿನಲ್ಲೇ ಇದ್ದು ಸಂಜೆಗೆ ಅಳಿಸಲಾಗುವುದು, ಮನೆಯವರ ಸಹಿಗೆ ಒಂದು ಹಾಳೆ ಕೊಡುತ್ತೇವೆ. ಸುರ್ಮಾ ಹಚ್ಚಿಕೊಂಡು ಬಂದರೂ ಸರಿ, ಒಬ್ಬರಾದರೂ ಹಾಗೆ ಬರಬೇಕು.